ಕಲ್ಲಿನಿಂದ ಅಳಿಸಿದ ಹೆಸರು

"ಸ್ವಾಮೀ, ನಮ್ಮಪ್ಪನ್ನ ಎರಡನೇ ಸಲ ಸಾಯಿಸಿಬಿಟ್ರು!" ಎನ್ನುತ್ತ ಟೇಕಲ್ಲಿನ ಕೋದಂಡರಾಮಪ್ಪ ಮಾಲೂರಿನ ನಮ್ಮ ಕಚೇರಿಗೆ ನುಗ್ಗಿದ. ಅದು ೧೯೪೧ನೇ ಇಸವಿ. ನಾನು ವಕೀಲ ಪ್ರಹ್ಲಾದರಾಯರ ಗುಮಾಸ್ತ. ರಾಯರು ಗೆದ್ದ ಮೊಕದ್ದಮೆಗಳಿಗಿಂತ ಪತ್ತೆ ಹಚ್ಚಿದ ಅಪರಾಧಗಳೇ ಹೆಚ್ಚು.

ಅವನ ತಂದೆ ಚನ್ನರಾಯಪ್ಪ ಕಡಲೆಕಾಯಿ ಸುಲಿಯುವ ಯಂತ್ರ ಕಂಡುಹಿಡಿದವರೆಂದು ಸೀಮೆಗೆಲ್ಲ ಹೆಸರಾಗಿ ತೀರಿಕೊಂಡಿದ್ದರು. ಅವರ ನೆನಪಿಗೆ ಶಿವಾರಪಟ್ಟಣದಲ್ಲಿ ಕೆತ್ತಿಸಿದ ಕಲ್ಲು ಮನೆಯ ಹಜಾರದಲ್ಲಿತ್ತು. ಅದರ ಮೇಲಿನ ಹೆಸರನ್ನು ಯಾರೋ ಉಳಿಯಿಂದ ಹೊಡೆದು ತೆಗೆದಿದ್ದರು.

"ಕಣದಿಂದ ಬಂದಾಗ ಮುಂಬಾಗ್ಲು ಒಳಗಿಂದ ಹಾಕಿತ್ತು. ಅಮ್ಮನ್ನ ಕೂಗಿ ತೆಗೆಸ್ದೆ. ಹಿತ್ಲು ಗೋಡೆ ಹಾರಿ ಬಂದಿರ್ಬೇಕು. ಮುನಿರಾಮಪ್ಪನ ಮಗ ಕದಿರೇಶಂದೇ ಈ ಕೆಲಸ! ಯಂತ್ರಕ್ಕೆ ಅವರಪ್ಪನೂ ದುಡಿದಿದ್ದ, ಅವನ ಹೆಸರೂ ಹಾಕಿ ಅಂತ ಜಗಳಕ್ಕೆ ಬಂದಿದ್ದ. ಪೊಲೀಸ್ನೋರು ಹಿಡ್ಕೊಂಡವ್ರೆ. ನೀವು ಸಾಕ್ಷಿ ಹುಡುಕಿಕೊಡಿ, ಜೈಲಿಗೆ ಹೋಗ್ಲಿ."

ನನಗೂ ಮೈ ಉರಿಯಿತು. ಸತ್ತವರ ಮೇಲೆ ಕೈ ಮಾಡುವವನು ಮನುಷ್ಯನೇ?

ಅವನ ಜೊತೆ ಟೇಕಲ್ಲಿಗೆ ಹೋಗಿ ನೋಡಿದರೆ, ಹಜಾರದ ನೆಲದಲ್ಲಿ ಒಂದು ಚೂರು ಕಲ್ಲೂ ಇರಲಿಲ್ಲ. "ಗುಡಿಸಿದಿರಾ?" ಎಂದರು ರಾಯರು.

"ಇಲ್ಲ ಸ್ವಾಮಿ, ಹೆಂಗಿತ್ತೋ ಹಂಗೇ ಬಿಟ್ಟು ಬಂದೆ."

ರಾಯರು ಹಿತ್ತಲಿಗೆ ಹೋದರು. ಗೋಡೆಯ ಮೇಲೆ ಹೊದಿಸಿದ್ದ ಮುಳ್ಳು ಎಲ್ಲೂ ಅಲುಗಿರಲಿಲ್ಲ. ತುಳಸಿಕಟ್ಟೆಯ ಮಣ್ಣು ಮಾತ್ರ ಹಸಿಯಾಗಿ ಕೆದರಿತ್ತು. ಅವರು ಎಲ್ಲರನ್ನೂ ಹಜಾರಕ್ಕೆ ಕರೆಸಿದರು. ಕದಿರೇಶ ಇಬ್ಬರು ಪೇದೆಗಳ ನಡುವೆ ತಲೆ ತಗ್ಗಿಸಿ ನಿಂತ. ಚನ್ನರಾಯಪ್ಪನ ಹೆಂಡತಿ ಅಂಜಮ್ಮ ಕಂಬಕ್ಕೆ ಒರಗಿ ಕೂತರು.

"ಮುಂಬಾಗಿಲು ಹಾಕಿತ್ತು, ಗೋಡೆ ಯಾರೂ ಹಾರಿಲ್ಲ. ಅಂದ್ರೆ ಹೊರಗಿನವರು ಬಂದೇ ಇಲ್ಲ," ಎಂದರು ರಾಯರು. "ಹಗೆಯವನಾಗಿದ್ರೆ ಹೆಸರಿನ ಚೂರು ಕಾಲಡಿ ಬಿದ್ದಿರೋದು. ಇಲ್ಲಿ ಪುಡಿಯನ್ನೂ ಬಿಡದೆ ಬಳಿದು, ಯಾರೂ ತುಳಿಯದ ಜಾಗಕ್ಕೆ ಸೇರಿಸಿದ್ದಾರೆ. ತುಳಸಿಕಟ್ಟೆ ಅಗೀರಿ."

ಪೇದೆ ಅಗೆದ. ಕಲ್ಲಿನ ಚೂರುಗಳು ಸಿಕ್ಕವು.

"ಹೆಸರು ಅಳೀಬೇಕು, ಆದರೆ ಅದನ್ನ ಯಾರೂ ತುಳೀಬಾರದು. ಗಂಡನ ಹೆಸರನ್ನ ಬಾಯಲ್ಲೂ ಹೇಳದವರು ಮಾತ್ರ ಹೀಗೆ ಮಾಡ್ತಾರೆ. ಮನೇಲಿದ್ದವರೂ ನೀವೊಬ್ಬರೇ, ಅಲ್ವೇ ಅಂಜಮ್ಮನವರೇ?"

ನನಗೆ ಸಿಡಿಲು ಬಡಿದಂತಾಯಿತು. ಅಂಜಮ್ಮ ಅಲುಗಲಿಲ್ಲ.

"ಹೌದಪ್ಪ, ನಾನೇ. ಅವರ ಉಳೀಲೇ ಹೊಡ್ದೆ. ಮುನಿರಾಮಪ್ಪ ಜ್ವರ ಬಂದು ಮಲಗಿದ್ದಾಗ ಅವನು ಮಾಡಿದ್ದ ಯಂತ್ರಾನ ನಮ್ಮನೆಯೋರು ಗಾಡೀಲಿ ಹಾಕ್ಕೊಂಡು ಬಂದ್ರು. ಕಣ್ಣಾರೆ ಕಂಡೆ. ಅವರಿದ್ದಾಗ ಬಾಯಿ ಬಿಡೋಕಾಗ್ಲಿಲ್ಲ. ಕಲ್ಲು ನಾವೆಲ್ಲ ಹೋದ್ಮೇಲೂ ಇರ್ತದೆ ಕಣಪ್ಪ, ಅದಾದ್ರೂ ಸುಳ್ಳು ಹೇಳೋದು ಬೇಡ. ಆ ಜಾಗದಲ್ಲಿ ಮುನಿರಾಮಪ್ಪ ಅಂತ ಕೆತ್ತಿಸ್ರಿ."

"ಅಯ್ಯೋ ದೇವುಡಾ!" ಎಂದ ಕೋದಂಡರಾಮಪ್ಪ.

ಪೇದೆಗಳು ಕದಿರೇಶನ ಕೈ ಬಿಟ್ಟರು. ಅವನು ಹಿಗ್ಗುತ್ತಾನೆಂದು ನಾನು ಕಾದೆ. ಅವನ ಮುಖ ಸುಣ್ಣದಂತೆ ಬಿಳಿಚಿತ್ತು.

"ಯಂತ್ರ ಪೂರ್ತಿ ನಂದೇ ಕಣೋ ಅಂತ ನಮ್ಮಪ್ಪ ಸಾಯೋ ತನಕ ಹೇಳ್ತಿದ್ದ ಸ್ವಾಮಿ," ಎಂದ. "ಏನೋ ಜೊತೇಲಿ ಒಂದಿಷ್ಟು ಕೈ ಹಾಕಿರ್ತಾನೆ, ಮುದುಕ ಬಡಾಯಿ ಕೊಚ್ತಾನೆ ಅಂತ ನಾನೂ ನಗ್ತಿದ್ದೆ."