ಹೆಬ್ಬಾತಿಗೆ ಹೇಳಿದ ಮಾತು

ನಟಿ ಗ್ಲಫೀರಾಗೆ ಯಾವ ಪಾತ್ರದ ಮಾತೂ ಬಾಯಿಪಾಠ ಬರುತ್ತಿರಲಿಲ್ಲ. ರಂಗದ ಮುಂದಿನ ಪುಟ್ಟ ಗೂಡಿನಲ್ಲಿ ಕೂತು ನಟರಿಗೆ ಮಾತು ನೆನಪಿಸುವ ನಿಕನೋರ್ ಪಿಸುಗುಟ್ಟಿದ್ದನ್ನು ಹಾಗೆಯೇ ಗಟ್ಟಿಯಾಗಿ ಹೇಳಿಬಿಡುವಳು. ವೋಲ್ಗಾ ದಡದ ಆ ಊರಿಗೆ ಊರೇ ಅವಳಿಗೆ ಮರುಳಾಗಿತ್ತು. ಇನ್ನು ನಿಕನೋರನ ಪಾಡು ಕೇಳಲೇಬೇಡಿ, ಪಾಪ!

ಪರದೆ ಏಳುವ ಮುನ್ನ ಅವಳು ಗೂಡಿನ ಎದುರು ಬಗ್ಗಿದಳು. "ನಾಳೆ ಬೆಳಿಗ್ಗೆ ಹಡಗು. ಕಜಾನ್ ಊರಿನ ನಾಟಕ ಕಂಪನಿಯೋರು ಕರೆದಿದಾರೆ. ನೀನೇನೂ ಹೇಳಲ್ವಾ?"

"ಶಾಲು ತಗೊಂಡ್ಹೋಗು. ಹೊಳೆ ಮೇಲೆ ಚಳಿ."

"ಅಷ್ಟೇನಾ?"

"ಕೆಮ್ಮು ಬರುತ್ತೆ ನಿಂಗೆ."

"ಥೂ, ಮರದ ಕೊರಡೇ!" ಎಂದು ಎದ್ದಳು. ಕಣ್ಣು ಮಾತ್ರ ಒಂದು ಗಳಿಗೆ ಅವನ ಮೇಲೇ ಉಳಿದಿತ್ತು.

ಅಂದಿನ ನಾಟಕ ಲಂಚಕೋರ ಕೊತ್ವಾಲನದು. ಊರಿನ ಅಸಲಿ ಕೊತ್ವಾಲ ಮೊದಲ ಸಾಲಿನಲ್ಲೇ ಕೂತಿದ್ದ. ನಾಟಕದಲ್ಲಿ ವ್ಯಾಪಾರಿಯ ಹೆಂಡತಿ ಕೊತ್ವಾಲನನ್ನು ಬೈಯುವ ಮಾತು ಬಂದರೆ ರಂಗಮಂದಿರಕ್ಕೆ ಬೀಗ ಹಾಕುವುದಾಗಿ ಮಧ್ಯಾಹ್ನವೇ ಹೇಳಿ ಕಳಿಸಿದ್ದ. "ಬೈಗುಳ ಬಿಟ್ಟು ಏನಾದ್ರೂ ಮೆತ್ತಗಿನ ಮಾತು ಹೇಳ್ಕೊಡಪ್ಪಾ," ಎಂದು ಮ್ಯಾನೇಜರ್ ನಿಕನೋರನಿಗೆ ಕೈ ಮುಗಿದಿದ್ದ.

ಆ ದೃಶ್ಯ ಬಂತು. ನಾಟಕದ ಕೊತ್ವಾಲ, ವ್ಯಾಪಾರಿಯ ಹೆಂಡತಿಯಾಗಿದ್ದ ಗ್ಲಫೀರಾಳ ಕೈಯಿಂದ ಹೆಬ್ಬಾತನ್ನು ಕಿತ್ತುಕೊಂಡು ಹೊರಟ. ಅವಳು ಎಂದಿನಂತೆ ತುಟಿ ತುಸು ತೆರೆದು, ಮಾತಿಗಾಗಿ ಗೂಡಿನತ್ತ ನೋಡಿದಳು. ನಾಳೆ ಈ ಕಣ್ಣು ತನ್ನನ್ನು ಹುಡುಕುವುದಿಲ್ಲ ಎಂಬುದು ನಿಕನೋರನಿಗೆ ನೆನಪಾಯಿತು. ಯೋಚಿಸಿಟ್ಟುಕೊಂಡಿದ್ದ ಮೆತ್ತಗಿನ ಮಾತೆಲ್ಲ ಮರೆತೇಹೋಯಿತು.

"ಹೋಗ್ಬೇಡ," ಎಂದುಬಿಟ್ಟ. "ನೀನಿಲ್ದೆ ನನ್ನ ಕೈಲಿ ಬದುಕೋಕಾಗಲ್ಲ."

ಅವಳು ಅಭ್ಯಾಸಬಲದಿಂದ ಕೈ ಚಾಚಿ ಕೂಗಿದಳು. "ಹೋಗ್ಬೇಡ! ನೀನಿಲ್ದೆ ನನ್ನ ಕೈಲಿ ಬದುಕೋಕಾಗಲ್ಲ!"

ಹೆಬ್ಬಾತು ಕತ್ತು ತಿರುಗಿಸಿ ಅರಚಿತು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಸಲಿ ಕೊತ್ವಾಲನಂತೂ ಹೊಟ್ಟೆ ಹಿಡಿದುಕೊಂಡು, "ಅಯ್ಯೋ, ಅವಳ ಹೆಬ್ಬಾತು ಕೊಟ್ಬಿಡೋ!" ಎಂದು ಕಣ್ಣೊರೆಸಿಕೊಂಡ. ಇಂಥ ಎಷ್ಟು ಹೆಬ್ಬಾತು ನುಂಗಿದ್ದನೋ ಪುಣ್ಯಾತ್ಮ!

ಏನಂದೆನೆಂದು ಗ್ಲಫೀರಾಗೆ ಆಗ ಹೊಳೆಯಿತು. ಬಣ್ಣದಡಿಯಲ್ಲೂ ಕೆನ್ನೆ ಕೆಂಪೇರಿತು. ಆ ಗದ್ದಲದಲ್ಲೇ ಗೂಡಿನ ಮುಂದೆ ಮಂಡಿಯೂರಿದಳು.

"ಇದು ನಾಟಕದಲ್ಲಿಲ್ಲ, ಅಲ್ವಾ?"

"ಇಲ್ಲ."

"ಹಡಗು ಹೋದ್ರೆ ಹೋಗ್ಲಿ ಬಿಡು," ಎಂದಳು ನಗುತ್ತ, ಅಳುತ್ತ. "ಆದ್ರೆ ಇದನ್ನ ನಾನು ಬಾಯಿಪಾಠ ಮಾಡಲ್ಲ. ದಿನಾ ನೀನೇ ಹೇಳ್ಕೊಡ್ಬೇಕು."

ನಿಕನೋರ್ ಅಲ್ಲೇ ಶುರು ಮಾಡಿದ. ಈ ಸಲ ಪಿಸುಗುಟ್ಟಲಿಲ್ಲ.