ಆರನೇ ಗೀಟು ಮಿನುಗಿದಾಗ

ಆರನೇ ಗೀಟು ಮಿನುಗತೊಡಗಿತು!

ಎಂಜಿನ್ ಬಿಸಿ ತೋರಿಸುವ ಗೀಟುಗಳು ನನ್ನ ಬೈಕಿನ ಮೀಟರಿನಲ್ಲಿ ಒಟ್ಟು ಏಳು. ಮೂರಿದ್ದರೆ ಆರಾಮು. ಐದಾದರೆ ಎಚ್ಚರ. ಏಳನೆಯದು ಹತ್ತಿತೋ... ಎಂಜಿನ್ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ನಿಂತುಬಿಡುತ್ತದೆ, ನಾವು ಮಾತ್ರ ಮುಂದೆ ಹೋಗುತ್ತೇವೆ. ತಲೆ ಮೊದಲು!

“ಬಂಡಿ ಆಪು ರಾ, ಆಶಪ್ಪಾ!”

ಬಲಗಡೆ ಬಾಲರಾಜು, ಗಾಡಿ ನಿಲ್ಲಿಸು ಅಂತ ತೆಲುಗಿನಲ್ಲಿ ಗದರುತ್ತ. ನನ್ನದಕ್ಕಿಂತ ದೊಡ್ಡ ಬೈಕು, ಹೊಚ್ಚ ಹೊಸದು. ಬಲಗೈ ಆಕ್ಸಿಲರೇಟರ್ ಮೇಲೆ, ಎಡಗೈಯಲ್ಲಿ ಕಬ್ಬಿಣದ ರಾಡು. ನನ್ನ ಬೆನ್ನ ಹಿಂದೆ ರಜಿತಾ, ಅವಳ ಮಡಿಲಲ್ಲಿ ಬಟ್ಟೆ ಸುತ್ತಿದ ಬೀಜದ ಪಾಕೀಟು.

“ನಿಂದರಸಂಗಿಲ್ಲ!” ಎಂದೆ.

“ಕಾಲು ಮುರೀತೀನಿ ನೋಡು!”

“ಮುರಿ! ಗೇರ್ ಹಾಕೋ ಕಾಲು ಬಿಟ್ಟು ಇನ್ನೊಂದು ಮುರಿ!”

ರಾಡು ಬೀಸಿದ. ನಾನು ಬ್ರೇಕ್ ಹಿಡಿದೆ. ರಾಡು ಗಾಳಿ ಸೀಳಿಕೊಂಡು ಹೋಯಿತು, ಬಾಲರಾಜು ಅದರ ಜೊತೆ ಐವತ್ತು ಮಾರು ಮುಂದೆ ಹೋದ. ನನಗೆ ಅಷ್ಟು ಸಾಕಿತ್ತು. ಎಡಕ್ಕೆ ಒಣಗಿದ ಕಾಲುವೆಯ ದಂಡೆ. ಗಾಡಿ ಇಳಿಸಿಬಿಟ್ಟೆ!

ತೆಲಂಗಾಣದಲ್ಲಿ ಮಕ್ತಲ್ ದಾಟಿ ಆತ್ಮಕೂರಿಗೆ ಹೋಗುವ ದಾರಿ ಅದು. ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ನಾರಾಯಣಪೇಟೆ ಹೊಸ ಜಿಲ್ಲೆಯಾಗಿ ಮೂರು ತಿಂಗಳಾಗಿತ್ತು. ಆಫೀಸುಗಳ ಬೋರ್ಡಿನ ಬಣ್ಣ ಕೂಡ ಬಿಸಿಲಿಗೆ ಅಂಟುತ್ತಿತ್ತು ನೋಡಿ, ಅಂಥ ಬಿಸಿಲು.

ಈಗ ಕೇಳಿ, ಇದು ಶುರುವಾದದ್ದು ಹೇಗೆ ಅಂತ.

ಹುಡುಕುವುದು ನನ್ನ ದಂಧೆ. ಮಕ್ತಲ್ ಬಸ್ ಸ್ಟ್ಯಾಂಡಿನ ಎದುರು ಗ್ಯಾರೇಜ್ ಇದೆ, ಅದು ಊರವರ ಕಣ್ಣಿಗೆ. ಕಳುವಾದ ಬೈಕು, ಓಡಿಹೋದ ಡ್ರೈವರ್, ತಲೆಮರೆಸಿಕೊಂಡ ಆಳು... ಹೇಳಿದರೆ ಸಾಕು, ತಂದು ಒಪ್ಪಿಸುತ್ತೇನೆ. ಯಾಕೆ ಅಂತ ಕೇಳುವುದಿಲ್ಲ. ಕೇಳುವುದಿಲ್ಲ ಅಂತಲೇ ಕೆಲಸ ಬರುತ್ತದೆ.

ಅಂದು ಬೆಳಿಗ್ಗೆ ಕೆ.ಟಿ. ದೊಡ್ಡಿಯಿಂದ ಶಿವಕಾಂತ ಸಾವ್ಕಾರನ ಫೋನು.

“ಗೋದಾಮಿನ ಹುಡುಗಿ ಓಡಿಹೋಗ್ಯಾಳ. ರಜಿತಾ ಅಂತ. ನಾರಾಯಣಪೇಟ್ಯಾಗ ಸಣ್ಣವ್ವನ ಮನಿ ಐತಿ. ಸಂಜೀ ಒಳಗ ತಂದುಬಿಡು.”

ಶಿವಕಾಂತನ ಗೋದಾಮಿನಲ್ಲಿ ನಡೆಯುವುದು ಏನು ಅಂತ ಸುತ್ತಮುತ್ತ ಎಲ್ಲರಿಗೂ ಗೊತ್ತು. ಎಣ್ಣೆ ಮಿಲ್ಲಿಗೆ ಹೋಗಬೇಕಾದ ಹತ್ತಿಕಾಳು. ಅದನ್ನು ಆ್ಯಸಿಡ್‌ನಲ್ಲಿ ತೊಳೆದು, ಗುಲಾಬಿ ಬಣ್ಣ ಬಳಿದು, ಬಿತ್ತನೆ ಬೀಜ ಅಂತ ಪಾಕೀಟು ಮಾಡುವುದು. ಗೊತ್ತಿರುವುದು ಬೇರೆ, ಕೋರ್ಟಿನಲ್ಲಿ ಹೇಳುವುದು ಬೇರೆ.

ಹೋದ ವರ್ಷ ಅದೇ ಗೋದಾಮಿನಲ್ಲಿ ದುಡಿಯುತ್ತಿದ್ದ ಬುಗ್ಗಮ್ಮ ಹೇಳಲು ಹೊರಟಿದ್ದಳು. ಓಡಿದಳು. ಸಾವ್ಕಾರ ಫೋನ್ ಮಾಡಿದ. ನಾನು ಹುಡುಕಿ ತಂದು ಗೋದಾಮಿನ ಗೇಟಿನೊಳಗೆ ಬಿಟ್ಟೆ. ಮೂರನೇ ದಿನ ಅವಳ ಎರಡೂ ಕೈ ಆ್ಯಸಿಡ್ ತೊಟ್ಟಿಗೆ ಬಿದ್ದವು.

ಬಿದ್ದವಂತೆ!

ಆಮೇಲೆ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ರಜಿತಾ ನಾರಾಯಣಪೇಟೆಯಲ್ಲಿ ಸಿಕ್ಕಳು. ಅಡಗಿರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು. ಅಂಗೈ ಎರಡೂ ಗುಲಾಬಿ, ಎಷ್ಟು ತಿಕ್ಕಿದರೂ ಹೋಗದ ಬಣ್ಣ.

“ಗದ್ವಾಲ್ ಕೋರ್ಟಿನ್ಯಾಗ ಇವತ್ತ ನನ್ನ ಸಾಕ್ಷಿ ಬಯಾನು ಐತ್ರಿ. ಕೋರ್ಟು ಐದಕ್ಕ ಮುಗೀತೈತಿ. ನಾಳಿಂದ ಮ್ಯಾಜಿಸ್ಟ್ರೇಟ್ ಸಾಹೇಬ್ರು ಒಂದು ತಿಂಗಳು ರಜಾ. ಬೀಜದ ಲಾರಿ ನಾಳೀನ ಹೊಂಡತಾವ. ನೀವು ಕೋರ್ಟಿಗೆ ಒಯ್ತೀರೇನು, ಗೋದಾಮಿಗೇನು?”

“ಕೋರ್ಟಿಗೆ,” ಎಂದೆ.

ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು! ಮಕ್ತಲ್ ದಾಟುವಷ್ಟರಲ್ಲಿ ಶಿವಕಾಂತನಿಗೆ ಸುದ್ದಿ ಮುಟ್ಟಿತು. ತನ್ನ ಆಳು ಬಾಲರಾಜುವನ್ನು ನಮ್ಮ ಬೆನ್ನ ಹಿಂದೆ ಬಿಟ್ಟ.

ಇನ್ನು ನನ್ನ ಎಂಜಿನ್. ಮುನ್ನೂರ ತೊಂಬತ್ತು ಸಿಸಿ, ಜಿಂಕೆಯಂಥ ಓಟ. ಆದರೆ ಒಳಗೆ ನೀರು ಸುತ್ತಿ ಬಿಸಿ ಹೊರಗೆ ಹಾಕಿದರೆ ಮಾತ್ರ. ಕೂಲಂಟ್ ಹಾಕಿ ಅಂತ ಊರಿಗೆಲ್ಲ ಬುದ್ಧಿ ಹೇಳುವ ನಾನು ನನ್ನ ರೇಡಿಯೇಟರಿಗೆ ಸೋಮಾರಿತನದಿಂದ ಸವಳು ಬೋರ್ ನೀರು ಸುರಿದಿದ್ದೆ. ಒಳಗೆಲ್ಲ ಉಪ್ಪು ಕಟ್ಟಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

ಕಾಲುವೆ ದಂಡೆಯ ಮೇಲೆ ಮೂರನೇ ಗೇರು, ನಲವತ್ತರ ವೇಗ. ಅದಕ್ಕಿಂತ ಹೆಚ್ಚಿಲ್ಲ.

“ಮೆಲ್ಲಕ ಯಾಕ ಹೊಂಟೀರಿ? ಓಡಸ್ರೀ!”

“ಓಡಿಸಿದ್ರ ಕುದಿತೈತಿ.”

“ಹಂಗಂದ್ರ ನಿಂದರಸ್ರಿ!”

“ನಿಂದರಸಿದ್ರ ಅಂವ ಬರ್ತಾನ.”

“ಮತ್ತ?”

“ಮೊಣಕಾಲು ಅಗಲ ಮಾಡಿ ಕೂಡು ತಂಗಿ. ಎಂಜಿನ್ನಿಗೆ ಗಾಳಿ ಆಡ್ಲಿ. ಬೇವಿನ ನೆಳ್ಳು ಬಂದಲ್ಲೆಲ್ಲ ದೇವ್ರು ನೆನಸು.”

ಇಳಿಜಾರಿನಲ್ಲಿ ಕ್ಲಚ್ ಹಿಡಿದು ಜಾರಿಸಿದೆ. ಆರನೇ ಗೀಟು ಆರಿತು. ಐದು.

ಆತ್ಮಕೂರಿನ ಹತ್ತಿರ ಮತ್ತೆ ಡಾಂಬರು ರಸ್ತೆ ಹತ್ತಿದಾಗ ಬಾಲರಾಜು ಕಂಡ. ರಸ್ತೆ ಬದಿಯ ನಲ್ಲಿಯ ಕೆಳಗೆ ಗೋಣಿಚೀಲ ತೊಯ್ಸಿ, ಬೈಕಿನ ಮುಂದೆ ಕಟ್ಟುತ್ತಿದ್ದ. ಸರಿಯಾಗಿ ರೇಡಿಯೇಟರಿನ ಮುಖದ ಮೇಲೆ! ಅವನ ಗೀಟುಗಳೂ ಏರಿದ್ದವು ಅಂತ ಆಯಿತು.

ನಮ್ಮ ಕಡೆ ಬೇಸಿಗೆಯಲ್ಲಿ ನೀರಿನ ಕೊಡಕ್ಕೆ ಒದ್ದೆ ಗೋಣಿ ಸುತ್ತುತ್ತಾರೆ. ನೀರು ತಣ್ಣಗಿರುತ್ತದೆ, ನಿಜ. ಆದರೆ ಕೊಡದೊಳಗೆ ಬೆಂಕಿ ಇರುವುದಿಲ್ಲ. ರೇಡಿಯೇಟರಿಗೆ ಬೇಕಾದದ್ದು ಗಾಳಿ. ಅವನು ಅದರ ಮೂಗು ಮುಚ್ಚಿ ಕಟ್ಟುತ್ತಿದ್ದ.

ಮೆಕ್ಯಾನಿಕ್ ಆಗಿ ಹೇಳಬೇಕಿತ್ತು. ಹೇಳಲಿಲ್ಲ.

ನಮ್ಮನ್ನು ಕಂಡ. ಗಾಡಿ ಹತ್ತಿದ. ನಾನು ಅರವತ್ತಕ್ಕೆ, ಅವನು ನೂರಿಪ್ಪತ್ತಕ್ಕೆ!

ಜುರಾಲ ಡ್ಯಾಮಿನ ರಸ್ತೆ. ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಅಲ್ಲಲ್ಲಿ ಉಳಿದಿದ್ದಳು. ಕನ್ನಡಿಯಲ್ಲಿ ಬಾಲರಾಜು ದೊಡ್ಡವನಾಗುತ್ತ ಬಂದ. ರಾಡು ಎತ್ತಿದ...

ಕಿರ್‍ರ್‍ರ್!

ಅವನ ಹಿಂದಿನ ಚಕ್ರ ನಿಂತಿತು. ಬೈಕು ಅಡ್ಡ ಬಿದ್ದು ಕಿಡಿ ಕಾರುತ್ತ ಜಾರಿತು. ರಾಡು ಟಣಟಣ ಅಂತ ಉರುಳಿ ಹೋಯಿತು. ಬಾಲರಾಜು ಬೈಕಿನ ಕೆಳಗೆ.

“ಹೋತು ಪೀಡಾ!” ಎಂದೆ. ಆಕ್ಸಿಲರೇಟರ್ ತಿರುವಿದೆ.

“ನಿಂದರಸ್ರೀ!”

“ಹುಚ್ಚೇನು ನಿನಗ? ನಾಲ್ಕಾತು!”

“ಅಂವ ಒದರಾಕತ್ಯಾನ್ರೀ. ಕಾಲು ಎಂಜಿನ್ ಕೆಳಗ ಐತಿ... ಸುಡಾಕತ್ತೈತಿ!”

“ಸುಡ್ಲಿ!”

ಆಗ ಅವಳು ನನ್ನ ಕಿವಿಯ ಹತ್ತಿರ ಬಾಗಿ, ದನಿ ಏರಿಸದೆ ಹೇಳಿದಳು.

“ಬುಗ್ಗಮ್ಮ ಒದರಿದಾಗೂ ನೀವು ನಿಂದರಲಿಲ್ಲ.”

ಗಾಡಿ ನಿಂತಿತು. ನಾನು ನಿಲ್ಲಿಸಿದ್ದು ನೆನಪಿಲ್ಲ.

“ನಿನಗ... ಗೊತ್ತಿತ್ತೇನು?”

“ಗೇಟಿನ ಒಳಗ ನಾ ನಿಂತಿದ್ನಿ. ನಿಮ್ಮನ್ನ ನೋಡೀನಿ.”

“ಗೊತ್ತಿದ್ದೂ ನನ್ನ ಗಾಡಿ ಹತ್ತಿದಿ?”

“ಬ್ಯಾರೆ ಗಾಡಿ ಇರಲಿಲ್ರೀ.”

ಓಡಿ ಹೋದೆ. ಕುದಿಯುವ ಎಂಜಿನ್ನಿಗೆ ಎರಡೂ ಕೈ ಕೊಟ್ಟು ಎತ್ತಿದೆ. ಅಂಗೈ ಚರ್ರ್ ಅಂದಿತು! ರಜಿತಾ ಅವನ ಕಾಲೆಳೆದಳು. ಮೀನಖಂಡ ಪೂರ್ತಿ ಬೆಂದಿತ್ತು. ಬಾಲರಾಜು ಹಸುಗೂಸಿನಂತೆ ಅತ್ತ. ರಾಡು ಹಿಡಿದವನೂ ಇವನೇನಾ ಅನಿಸಿತು.

“ನೀರು... ಎಂಜಿನ್ನಿಗೆ ಹಾಕು...” ಎಂದು ಕನವರಿಸಿದ. ಅವನಿಗೆ ಇನ್ನೂ ಬೈಕಿನದೇ ಚಿಂತೆ!

“ಎಂಜಿನ್ ಸತ್ತೈತಿ. ನೀ ಸಾಯಬ್ಯಾಡ.”

ಡ್ಯಾಮಿನ ಆಚೆ ಮೀನು ಕರಿದು ಮಾರುವ ಮೈಸಮ್ಮ ಒಲೆ ಬಿಟ್ಟು ಓಡಿಬಂದಳು. ತಂದ ಕ್ಯಾನಿನ ನೀರನ್ನು ಅವನ ಕಾಲಿಗೆ ಸುರಿದು, ನೂರೆಂಟಕ್ಕೆ ಫೋನ್ ಮಾಡಿದಳು. ಆಂಬುಲೆನ್ಸ್ ಬರುವವರೆಗೆ ತಾನಿರುತ್ತೇನೆ, ನೀವು ಹೋಗಿ ಅಂದಳು.

ಆದರೆ ಹೋಗುವುದು ಹೇಗೆ? ನನ್ನ ಮೀಟರಿನಲ್ಲಿ ಆರನೇ ಗೀಟು ಮಿನುಗುತ್ತಿತ್ತು. ಆಗ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಉಳಿಯುವುದಿಲ್ಲ. ತಣ್ಣೀರು ಎರಚಿದರೆ ಎಂಜಿನ್ ಸೀಳುತ್ತದೆ. ಕಾಯಬೇಕು. ಬೇರೆ ಮಂತ್ರವಿಲ್ಲ! ಮೈಸಮ್ಮನ ಅಂಗಡಿಯ ನೆರಳಿಗೆ ತಳ್ಳಿ, ಫ್ಯಾನು ತಿರುಗಲು ಬಿಟ್ಟು ಕೂತೆ. ಇಪ್ಪತ್ತು ನಿಮಿಷ. ರಜಿತಾ ನನ್ನ ಅಂಗೈಗೆ ಒದ್ದೆ ಬಟ್ಟೆ ಸುತ್ತಿದಳು. ಬೈದಿದ್ದರೆ ಒಳ್ಳೆಯದಿತ್ತು.

ನಾಲ್ಕು ಗೀಟು. ರೇಡಿಯೇಟರಿಗೆ ಮೈಸಮ್ಮ ಕೊಟ್ಟ ಫಿಲ್ಟರ್ ನೀರು ತುಂಬಿದೆ. ಹೊರಟೆವು.

ನಾಲ್ಕು ಐವತ್ತಕ್ಕೆ ಗದ್ವಾಲ್ ಕೋರ್ಟು. ಮೆಟ್ಟಿಲ ಮೇಲೆ ಸರ್ಕಾರಿ ವಕೀಲೆ ವಿಜಯಶ್ರೀ ಗಡಿಯಾರ ನೋಡುತ್ತ ನಿಂತಿದ್ದರು.

“ಜಲ್ದೀ ಬಾರವ್ವಾ! ಸಾಹೇಬ್ರು ಏಳಾಕತ್ತಾರ!”

ಬೀಜದ ಪಾಕೀಟು ಎದೆಗೆ ಅವಚಿಕೊಂಡು ರಜಿತಾ ಒಳಗೆ ಓಡಿದಳು. ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು ಆರು ಗಂಟೆಗೆ.

ಒಳಗೆ ಅವಳು ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿತ್ತು. ಬಣ್ಣ ಬಳಿದ ತನ್ನ ಕೈಯನ್ನೇ ಮುಚ್ಚಿಡದವಳು ನನ್ನನ್ನು ಮುಚ್ಚಿಡುತ್ತಾಳೆಯೆ? ಎಂಜಿನ್ ಎರಡು ಗೀಟಿಗೆ ಇಳಿದಿತ್ತು. ಓಡಿಹೋಗಲು ಗಡಿಯಾಚೆಯ ರಾಯಚೂರು ಒಂದು ತಾಸಿನ ದಾರಿ. ಮೂರು ಸಲ ಗಾಡಿ ಹತ್ತಿದೆ. ಮೂರು ಸಲ ಇಳಿದೆ.

ವಿಜಯಶ್ರೀ ಹೊರಬಂದರು. ಜೊತೆಗೊಬ್ಬ ಪೊಲೀಸಪ್ಪ.

“ಲಾರಿ ಹಿಡಿಯಾಕ ಆರ್ಡರ್ ಆಗೈತಿ. ಶಿವಕಾಂತನ್ನೂ ತರ್ತಾರ,” ಎಂದರು. ಆಮೇಲೆ ತಡೆದು, “ಆಶಪ್ಪ ಅಂದ್ರ ನೀವೇ ಏನ್ರಿ?”

“ಹೌದ್ರೀ.”

“ಬುಗ್ಗಮ್ಮನ್ನ ಹಿಡಕೊಂಡು ಬಂದಾಂವ ಹೊರಗ ಗಾಡಿ ಬಾಜೂ ನಿಂತಾನ ಅಂತ ಆಕಿ ಬರಸ್ಯಾಳ. ಅಲ್ಲ ಅಂತೀರೇನು?”

ಬಾಗಿಲಲ್ಲಿ ರಜಿತಾ. ನನ್ನನ್ನೇ ನೋಡುತ್ತಿದ್ದಳು. ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕಾದವನು ನಾನು.

“ಅಲ್ಲ ಅನ್ನಂಗಿಲ್ರೀ.”

ಕೀಲಿ ತೆಗೆದು ಪೊಲೀಸಪ್ಪನ ಕೈಗಿಟ್ಟೆ.

“ನೆಳ್ಳಿಗೆ ನಿಂದರಸ್ರೀ ಅಣ್ಣಾ. ನಾ ಬರೂದು ತಡ ಆಗತೈತಿ.”