ಒಬ್ಬೊಬ್ಬರಾಗಿ ಬನ್ನಿ

ದೊಡ್ಡ ಕಾರ್ಯಕ್ರಮಗಳ ಬಾಗಿಲು ಕಾಯುವ ಕಂಟ್ರಾಕ್ಟು ನನ್ನದೂ ಭಾವನದೂ. ಒಂದೇ ಟಿಕೆಟ್ಟಿನಲ್ಲಿ ಇಬ್ಬರು ನುಸುಳಿದರೆ ಹಿಡಿಯುವ ಯಂತ್ರದ ಗೇಟು ಬೇಕಿತ್ತು. ಖಾಲಿ ಕ್ರೀಡಾಂಗಣದಲ್ಲಿ, ಮಟಮಟ ಮಧ್ಯಾಹ್ನ, ಎರಡು ಕಂಪನಿಯವರ ಗೇಟು ನಿಲ್ಲಿಸಿ ಪರೀಕ್ಷಿಸಿದೆವು.

ಭಾವ ಕಾಲಿಟ್ಟೊಡನೆ ಮೊದಲನೆಯದು ಮುಚ್ಚಿಕೊಂಡಿತು. "ದಯವಿಟ್ಟು ಒಬ್ಬೊಬ್ಬರಾಗಿ ಬನ್ನಿ."

"ನಿಮ್ಮ ಹೊಟ್ಟೇನ ಬೇರೆ ಲೆಕ್ಕ ಹಾಕ್ತಿದೆ ಭಾವ," ಎಂದು ನಕ್ಕೆ. ಮಾರಲು ಬಂದವನ ಕೈವಾಡವಿರಬೇಕೆಂಬ ಗುಮಾನಿ ಬಂದು, ಅವರನ್ನು ಎರಡನೆಯದಕ್ಕೆ ಕಳಿಸಿದೆ. ಅದೂ ಮುಚ್ಚಿಕೊಂಡು ಅದನ್ನೇ ಹೇಳಿತು.

ಭಾವನ ಮುಖ ಬಿಳಿಚಿತು. "ಕತ್ತಿನ ಹಿಂದೆ ತಣ್ಣಗಾಗ್ತಿದೆ ಕಣೋ. ಯಾರಿದ್ದಾರೆ ನೋಡು."

ಯಾರೂ ಇರಲಿಲ್ಲ. ಹತ್ತಿರ ಹೋಗಿ ಅವರ ಕತ್ತು ಮುಟ್ಟಿ ನೋಡಿದೆ. ಆಮೇಲೆ ಅವರು ಮತ್ತೆ ಕಾಲಿಟ್ಟರು. ಗೇಟು ಸದ್ದಿಲ್ಲದೆ ತೆರೆಯಿತು.

"ಸದ್ಯ, ಬಿಡ್ತು! ಬಾರೋ ನೀನೂ," ಎಂದು ಆಚೆಯಿಂದ ಕರೆದರು.

ನನ್ನ ಕತ್ತು ತಣ್ಣಗಾಗುತ್ತಿತ್ತು. ನಾನು ಹೋಗಲಿಲ್ಲ. ಅಂದಿನಿಂದ ಅಂಥ ಯಾವ ಗೇಟನ್ನೂ ದಾಟಿ ನೋಡಿಲ್ಲ.